ತಕ್ಕಡಿಗೆ ಕಟ್ಟಿದ ಕಲ್ಲು

ಮಸ್ಕಿ ಬಸ್ ನಿಲ್ದಾಣ. ಬೆಳಗಿನಿಂದ ಗುಡ್ಡ ಸುತ್ತಿ ಆರಿಸಿದ ಕಲ್ಲುಗಳು ನನ್ನ ಚೀಲದಲ್ಲಿವೆ. ಸಿಂಧನೂರಿನ ಬಸ್ಸು ಇನ್ನೂ ಬಂದಿಲ್ಲ. ಪೇರಲ ಹಣ್ಣು ಮಾರುವ ಹಸೀನಾಬಿಯ ತಕ್ಕಡಿಯಲ್ಲಿ ಒಂದು ತಟ್ಟೆ ಹಗುರ. ಅದನ್ನು ಸರಿದೂಗಿಸಲು ಆಕೆ ಕಟ್ಟಿದ್ದ ಕಲ್ಲು ನೋಡಿ ದಂಗಾದೆ. ಬಿಳಿ ಬೆಣಚುಕಲ್ಲು, ಅದರೊಳಗೆ ಸೂಜಿ ಚುಚ್ಚಿಟ್ಟಂತೆ ಕಪ್ಪು ಹರಳುಗಳು! ಇಡೀ ಗುಡ್ಡದಲ್ಲಿ ನನಗೆ ಅಂಥದ್ದೊಂದು ಸಿಕ್ಕಿರಲಿಲ್ಲ.

“ಇದನ್ನ ನನಗೆ ಕೊಡ್ತೀರಾ?” ಎಂದೆ.

“ನಮ್ಮವ್ವ ಗುಡ್ಡದಾಗ ಆರಿಸಿ ತಂದಿದ್ದು ರೀ. ಇಷ್ಟ ತೂಕದ್ದು ಇನ್ನೊಂದು ಕೊಟ್ರ ಒಯ್ರಿ. ತಕ್ಕಡಿ ಸಮಾ ನಿಂತ್ರ ಆತು.”

ಚೀಲ ಸುರಿದೆ. ತನ್ನದನ್ನು ಬಿಚ್ಚಿಟ್ಟು, ನನ್ನವನ್ನು ಒಂದೊಂದಾಗಿ ಕಟ್ಟಿ ನೋಡಿದಳು. ಯಾವುದೂ ಹೊಂದಲಿಲ್ಲ. ಕೊನೆಗೆ, ನಾನು ಕರವಸ್ತ್ರದಲ್ಲಿ ಸುತ್ತಿ ಬೇರೆಯಾಗಿಟ್ಟಿದ್ದ ಹಸಿರು ಗೆರೆಯ ಕಲ್ಲನ್ನೂ ಕೇಳಿ ಕಟ್ಟಿದಳು. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತು.

ನಾನು ಖಾಲಿ ಕರವಸ್ತ್ರ ಹಿಡಿದು ಆ ಹಸಿರು ಗೆರೆಯನ್ನೇ ನೋಡುತ್ತಿದ್ದೆ. ಹಸೀನಾಬಿ ಮುಳ್ಳಿನಿಂದ ಕಣ್ಣು ತೆಗೆದು ನನ್ನ ಮುಖ ನೋಡಿದಳು.

“ಕೊಡಾಕ ಮನಸ್ಸ ಬರವಲ್ದು, ಹೌದಲ್ರಿ? ನನಗೂ ಹಂಗ ಆಗಾಕತ್ತಿತ್ತು.”

ನಕ್ಕು, ಗಂಟು ಬಿಚ್ಚಿ, ನನ್ನ ಕಲ್ಲನ್ನು ಕರವಸ್ತ್ರಕ್ಕೇ ಮರಳಿಸಿದಳು. ಬಸ್ಸು ಬಂತು. ಕಿಟಕಿಯಿಂದ ನೋಡಿದೆ: ತನ್ನ ಕಲ್ಲನ್ನು ಮತ್ತೆ ಕಟ್ಟುವ ಮುಂಚೆ ಅದನ್ನು ಸೆರಗಿನಿಂದ ಒರೆಸುತ್ತಿದ್ದಳು.