ಕಿಟಕಿಯಲ್ಲಿ ಕೂತಿದ್ದ ಲಿಫ್ಟ್ ತಾತ

ಆಕೆಗೆ ದೀಪದಕ್ಕ ಎಂಬ ಹೆಸರು ಬಂದದ್ದು ತಡವಾಗಿ. ಮೊದಲೆಲ್ಲ ಕಟಿಂಗ್ ಅಂಗಡಿ ಅಕ್ಕ ಎಂದೇ ಕರೆಯುತ್ತಿದ್ದರು. ಅಪ್ಪನಿಂದ ಬಂದ ಅಂಗಡಿ. ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದು ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಗಂಡ ಲಾರಿ ಓಡಿಸುತ್ತಿದ್ದ, ವಾರಗಟ್ಟಲೆ ಮನೆಯ ಮುಖ ಕಾಣುತ್ತಿರಲಿಲ್ಲ. ಹಾಗಾಗಿ ಅಂಗಡಿಯಲ್ಲಿ ಆಕೆಗೆ ಜೊತೆ ಎಂದರೆ ಅತ್ತೆ. ಅತ್ತೆ ನೆಲದ ಕೂದಲು ಗುಡಿಸುತ್ತಿದ್ದರು, ಟವೆಲು ಮಡಿಸುತ್ತಿದ್ದರು, ಕುರ್ಚಿಯಲ್ಲಿ ಕೂತವರ ಮನೆ ವಿಚಾರಕ್ಕೆಲ್ಲ ಯಾರೂ ಕೇಳದೆಯೇ ತೀರ್ಪು ಕೊಡುತ್ತಿದ್ದರು.

ವರ್ಷದ ಕೊನೆಯ ರಜೆ ಹತ್ತಿರವಾದಂತೆ ಆ ಕಡೆಯ ಜನ ಮನೆ ಮುಂದೆ ದೀಪ ಕಟ್ಟುತ್ತಿದ್ದರು. ಕೆಲವರು ಬಾಗಿಲಿಗೊಂದು ಸರ ಎಳೆದು ಕೈತೊಳೆದುಕೊಂಡರೆ, ಕೆಲವರು ಎಷ್ಟೋ ದಿನ ಏಣಿ ಹತ್ತಿಳಿದು ಮನೆಯ ಗುರುತೇ ಸಿಗದಂತೆ ಮಾಡುತ್ತಿದ್ದರು. ಮಕ್ಕಳ ಕೂದಲು ಕತ್ತರಿಸಲು ಬಂದ ತಾಯಂದಿರದು ಒಂದೇ ಪ್ರಶ್ನೆ: "ಈ ಸಲ ಯಾವ ಕಡೆ ಚೆನ್ನಾಗಿದೆ ಅಕ್ಕ?" ಹೇಳಿ ಹೇಳಿ ಸಾಕಾಗಿ ಆಕೆ ಒಂದು ವರ್ಷ ಅದನ್ನೆಲ್ಲ ಹಾಳೆಯಲ್ಲಿ ಬರೆದು ಕನ್ನಡಿಯ ಪಕ್ಕಕ್ಕೆ ಅಂಟಿಸಿದಳು. ಮರುವರ್ಷ ಮುದ್ರಣದ ಅಂಗಡಿ ಇಟ್ಟಿದ್ದ ಮೈದುನ ಬೀದಿಗಳ ನಕ್ಷೆ ಬರೆದು, ಜೇಬಿಗೆ ಹಿಡಿಸುವ ಪುಸ್ತಿಕೆ ಮಾಡಿಕೊಟ್ಟ. ಅದನ್ನು ಆಕೆ ಕೇಳಿದವರಿಗೆಲ್ಲ ಸುಮ್ಮನೆ ಕೊಡುತ್ತಿದ್ದಳು. ದೀಪದಕ್ಕ ಎಂಬ ಹೆಸರು ಬಂದದ್ದು ಅಲ್ಲಿಂದಲೇ.

"ಅತ್ತಿಗೆ, ಇದ್ರಲ್ಲಿ ದೀಪಕ್ಕಿಂತ ನಾಯಿ ವಿಷಯಾನೇ ಜಾಸ್ತಿ ಇದೆ," ಎಂದು ಮೈದುನ ಮೊದಲ ಸಲ ಓದಿ ನಕ್ಕಿದ್ದ. ಅದು ಸುಳ್ಳೇನಲ್ಲ. "ಹಸಿರು ಗೇಟಿನ ಮನೆ, ತೋಟದ ತುಂಬ ದೀಪ. ನಾಯಿ ಬೊಗಳುತ್ತೆ, ಕಚ್ಚಲ್ಲ. ಮೂಲೆ ಮನೆಯದು ಬೊಗಳಲ್ಲ, ಹುಷಾರು." ಹೀಗೆ ಮಾತಾಡಿದಂತೆಯೇ ಬರೆಯುತ್ತಿದ್ದಳು. ಜನಕ್ಕೆ ಹಿಡಿಸಿದ್ದೂ ಅದೇ. ಪ್ರತಿ ವರ್ಷ ಪುಸ್ತಿಕೆ ಅಚ್ಚಿಗೆ ಹೋಗುವ ಮೊದಲು ಒಂದೊಂದು ಮನೆಗೂ ಹೋಗಿ ಬಾಗಿಲು ತಟ್ಟಿ, ನಿಮ್ಮ ಮನೆ ಸೇರಿಸಬಹುದಾ, ಎಷ್ಟು ಹೊತ್ತು ದೀಪ ಹಾಕಿರ್ತೀರಿ, ಮಕ್ಕಳು ಗೇಟಿನ ಒಳಗೆ ಬರಬಹುದಾ ಎಂದು ಕೇಳಿಕೊಂಡು ಬರುತ್ತಿದ್ದಳು.

ಆ ಪುಸ್ತಿಕೆಯಲ್ಲಿ ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಲಿಫ್ಟ್ ತಾತನ ಮನೆ. ತಾತ ಕೆಲಸದಲ್ಲಿದ್ದಷ್ಟು ಕಾಲವೂ ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡಿದವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿಲ್ಲ, ಅಕ್ಕನ ಮಗನೊಬ್ಬ ದೂರದ ಊರಲ್ಲಿದ್ದ. ತಾತ ತಮ್ಮ ಮನೆಯ ಮುಂಗೋಡೆಗೆ ಮರದ ಚೌಕಟ್ಟು ಕೂರಿಸಿ, ಅದರಲ್ಲಿ ಅಂತಸ್ತಿಗೊಂದು ಬಣ್ಣದ ದೀಪ ಇಟ್ಟು, ತಗಡಿನ ಪುಟ್ಟ ಲಿಫ್ಟೊಂದನ್ನು ಓಡಿಸುತ್ತಿದ್ದರು. ಪ್ರತಿ ಅಂತಸ್ತಿಗೆ ಬಂದಾಗ ಅದು ಟಿಂಗ್ ಎಂದು ನಿಂತು ಬಾಗಿಲು ತೆರೆಯುತ್ತಿತ್ತು. ಒಳಗೆ ಒಂದು ಬೊಂಬೆ ನಿಂತಿರುತ್ತಿತ್ತು. ಲಿಫ್ಟಿನ ಹಗ್ಗ ಕಿಟಕಿಯ ಮೇಲಿನ ತೂತಿನಿಂದ ಕೋಣೆಯ ಒಳಗೆ ಹೋಗಿ, ರಾಟೆ ದಾಟಿ, ತಾತನ ಕುರ್ಚಿಯ ಪಕ್ಕ ಒಂದು ತೂಕದ ಕಬ್ಬಿಣಕ್ಕೆ ಕಟ್ಟಿತ್ತು. ಲಿಫ್ಟ್ ಇಳಿದರೆ ತೂಕ ಏರಬೇಕು, ಲಿಫ್ಟ್ ಏರಿದರೆ ತೂಕ ಇಳಿಯಬೇಕು. ಸಂಜೆಗತ್ತಲಾದಂತೆ ದೀಪವೂ ಲಿಫ್ಟಿನ ಮೋಟಾರೂ ತಾನಾಗಿ ಶುರುವಾಗುವ ವ್ಯವಸ್ಥೆ ಮಾಡಿದ್ದರು. ಕರೆಂಟು ಹೋದರೂ ನಿಲ್ಲದಿರಲಿ ಎಂದು ಬ್ಯಾಟರಿ ಬೇರೆ.

"ಅದಕ್ಯಾಕೆ ತಾತ ಬ್ಯಾಟರಿ?" ಎಂದು ಆಕೆ ಕೇಳಿದ್ದಕ್ಕೆ, "ಲಿಫ್ಟ್ ನಡುವೆ ನಿಂತ್ರೆ ಒಳಗಿದ್ದವರ ಗತಿ ಏನಮ್ಮ?" ಎಂದಿದ್ದರು. ನಗಲಿಲ್ಲ. ಬೊಂಬೆಯ ವಿಚಾರದಲ್ಲೂ ಅವರು ತಮಾಷೆ ಮಾಡುತ್ತಿರಲಿಲ್ಲ.

ರಜೆ ಶುರುವಾಗುವ ಮುಂಚೆ ತಾತ ಅಂಗಡಿಗೆ ಬಂದು ಕೂದಲು ಕತ್ತರಿಸಿಕೊಳ್ಳುವುದು ವಾಡಿಕೆ. ಜನ ನೋಡೋಕೆ ಬರ್ತಾರೆ, ಲಿಫ್ಟೊಂದೇ ಚೆನ್ನಾಗಿದ್ರೆ ಸಾಲದು ಎನ್ನುತ್ತಿದ್ದರು. ಯಾಕೆಂದರೆ ಸಂಜೆಯೆಲ್ಲ ಅವರು ಕಿಟಕಿಯ ಹಿಂದೆ ಶಾಲು ಹೊದ್ದು ಕೂತು ಮಕ್ಕಳಿಗೆ ಕೈ ಬೀಸುತ್ತಿದ್ದರು. ದೀಪದಕ್ಕ ಪುಸ್ತಿಕೆಯಲ್ಲಿ ಅದನ್ನೂ ಬರೆದಿದ್ದಳು: "ಕಿಟಕಿಯಲ್ಲಿ ತಾತ ಕೂತಿರ್ತಾರೆ. ಕೈ ಬೀಸಿ, ಅವರೂ ಬೀಸ್ತಾರೆ."

ಆ ವರ್ಷ ತಾತ ಅಂಗಡಿಗೆ ಬರಲಿಲ್ಲ.

ಅದೇ ವರ್ಷ ರಸ್ತೆಯ ಆಚೆ ಬದಿಗೆ ಹೊಸ ಕಟಿಂಗ್ ಅಂಗಡಿಯೊಂದು ತೆರೆದಿತ್ತು. ತಿರುಗುವ ಕುರ್ಚಿ, ತಣ್ಣನೆ ಹವೆ, ಗೋಡೆಗೆ ಟಿವಿ. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಆ ಕಡೆ ಜಾರುತ್ತಿದ್ದರು. ತಾತನೂ ಹಾಗೇ ಹೋದರೆಂದು ದೀಪದಕ್ಕ ಅಂದುಕೊಂಡಳು. ಉಳಿದವರು ಹೋದದ್ದಕ್ಕೆ ಆಗದ ಬೇಸರ ಇದಕ್ಕೆ ಆಯಿತು.

"ಹೋಗಿ ಕೇಳಬಾರ್ದೇನೇ?" ಎಂದರು ಅತ್ತೆ.

"ಏನಂತ ಕೇಳ್ಲಿ ಅತ್ತೆ? ನನ್ನ ಕತ್ತರಿ ಮೊಂಡಾಯ್ತಾ ಅಂತಲೇ?"

ಮುಖ ಊದಿಸಿಕೊಂಡೇ ಆಕೆ ಆ ವರ್ಷ ಎಲ್ಲ ಮನೆಗಳ ಬಾಗಿಲು ತಟ್ಟಿದಳು, ತಾತನದೊಂದನ್ನು ಬಿಟ್ಟು. ಅವರ ಬೀದಿಯ ತುದಿಯಲ್ಲಿ ನಿಂತು ನೋಡಿದಾಗ ದೀಪ ಹೊತ್ತಿತ್ತು, ಲಿಫ್ಟ್ ಓಡುತ್ತಿತ್ತು. ಅಷ್ಟು ಸಾಕೆಂದು ಹಿಂದಿರುಗಿ, ಹೋದ ವರ್ಷದ ಸಾಲುಗಳನ್ನೇ ಅಚ್ಚಿಗೆ ಕೊಟ್ಟಳು.

ರಜೆ ಶುರುವಾಯಿತು. ಪುಸ್ತಿಕೆ ಹಿಡಿದ ಜನ ಸಂಜೆಯಾದರೆ ಬೀದಿ ಬೀದಿ ತಿರುಗಿದರು. ಬೆಂಚಿನ ಮೇಲೆ ಕೂತವರೆಲ್ಲ ತಾತನ ಮನೆಯ ಸುದ್ದಿಯನ್ನೇ ಹೇಳುತ್ತಿದ್ದರು. ಈ ಸಲ ತಾತ ಎಷ್ಟು ಹೊತ್ತಾದರೂ ಏಳೋದೇ ಇಲ್ಲ, ಪಾಪ, ಮಕ್ಕಳಿಗೆ ಬೇಸರ ಆಗಬಾರದು ಅಂತ. ಲಿಫ್ಟ್ ಇಳಿದಾಗಲೆಲ್ಲ ಸರಿಯಾಗಿ ಕೈ ಎತ್ತುತ್ತಾರೆ, ಎಷ್ಟು ಅಭ್ಯಾಸ ಮಾಡಿದ್ದಾರೋ ಏನೋ. ಹೊಲಿಗೆ ಕೆಲಸದ ಹೆಂಗಸೊಬ್ಬಳು ತನ್ನ ಪುಟ್ಟ ಮಗಳು ದಿನಾ ಅಲ್ಲಿಗೇ ಹೋಗಬೇಕೆಂದು ಹಟ ಹಿಡಿಯುತ್ತಾಳೆಂದಳು. "ತಾತ ನನಗೊಬ್ಬಳಿಗೇ ಬೇರೆ ಥರ ಕೈ ಬೀಸ್ತಾರೆ ಅಂತಾಳೆ ಅಕ್ಕ. ಏನು ಬೇರೆ ಥರವೋ."

ದೀಪದಕ್ಕ ಎಲ್ಲಕ್ಕೂ ಹೂಂಗುಟ್ಟುತ್ತಿದ್ದಳು. ಒಂದು ಮಧ್ಯಾಹ್ನ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿಕೊಂಡೇ ಹೇಳಿದರು. "ನಿಮ್ಮ ಲಿಫ್ಟ್ ತಾತಂಗೆ ಒಂಚೂರು ಕೂದಲು ಕತ್ತರಿಸಬಾರ್ದಾ? ಕಿವಿ ಮುಚ್ಚಿಕೊಂಡಿದೆ. ಗಡ್ಡಾನೂ ಬಿಟ್ಟಿದಾರೆ."

ಕತ್ತರಿ ಕೂದಲ ನಡುವೆಯೇ ನಿಂತಿತು. ಆಕೆ ಕನ್ನಡಿಯಲ್ಲಿ ಅತ್ತೆಯ ಮುಖ ನೋಡಿದಳು. ಅತ್ತೆ ಪೊರಕೆ ಹಿಡಿದು ಹಾಗೇ ನಿಂತಿದ್ದರು. ತಾತ ಹೊಸ ಅಂಗಡಿಗೂ ಹೋಗಿರಲಿಲ್ಲ.

ಸಂಜೆ ಅಂಗಡಿಯ ಬಾಗಿಲು ಎಳೆದು ಇಬ್ಬರೂ ಹೊರಟರು. ತಾತನ ಬೀದಿಗೆ ತಿರುಗುವಷ್ಟರಲ್ಲಿ ಕರೆಂಟು ಹೋಯಿತು. ಎರಡೂ ಬದಿಯ ದೀಪದ ಸರಗಳು ಒಮ್ಮೆಲೇ ಆರಿ, ಮನೆಗಳೆಲ್ಲ ಕಪ್ಪಾದವು. ಬೀದಿಯ ನಡುವೆ ಒಂದೇ ಮನೆ ಉರಿಯುತ್ತಿತ್ತು. ಕೆಂಪು, ಹಳದಿ, ಹಸಿರು ಅಂತಸ್ತುಗಳ ನಡುವೆ ತಗಡಿನ ಲಿಫ್ಟ್ ಮೇಲೇರುತ್ತಿತ್ತು. ಟಿಂಗ್. ಬಾಗಿಲು ತೆರೆಯಿತು, ಬೊಂಬೆ ಕಾಣಿಸಿತು, ಬಾಗಿಲು ಮುಚ್ಚಿತು. ಗೇಟಿನ ಹೊರಗೆ ನಿಂತಿದ್ದ ಜನ ಚಪ್ಪಾಳೆ ತಟ್ಟಿದರು. ಮಕ್ಕಳು ಕೈ ಬೀಸಿದರು. ಲಿಫ್ಟ್ ಇಳಿಯತೊಡಗಿದಾಗ ಕಿಟಕಿಯ ಹಿಂದೆ ಒಂದು ಕೈ ನಿಧಾನಕ್ಕೆ ಮೇಲೆದ್ದಿತು.

"ಇದ್ದಾರಲ್ಲೇ," ಎಂದು ಅತ್ತೆ ಉಸಿರುಬಿಟ್ಟರು. "ಸುಮ್ನೆ ಹೆದರಿಸಿಬಿಟ್ಯಲ್ಲ."

ದೀಪದಕ್ಕನೂ ಕೈ ಎತ್ತಿದಳು. ಆದರೆ ಕಾಲು ಹಿಂದಕ್ಕೆ ತಿರುಗಲಿಲ್ಲ. ಗೇಟು ತಳ್ಳಿ ಒಳಗೆ ಹೋದಳು. ಮೆಟ್ಟಿಲ ಮೇಲೆ ಮಕ್ಕಳು ಇಟ್ಟುಹೋದ ಚಿತ್ರಗಳು, ಚಾಕಲೇಟುಗಳು, ಕಾಗದದ ಹೂಗಳು ಒಂದರ ಮೇಲೊಂದು ಬಿದ್ದಿದ್ದವು. ಅಡಿಯವು ದೂಳು ಹಿಡಿದು ಮಾಸಿಹೋಗಿದ್ದವು. ಯಾರೂ ಅವನ್ನು ಒಳಗೆ ತೆಗೆದುಕೊಂಡಿರಲಿಲ್ಲ. "ತಾತಾ," ಎಂದು ಬಾಗಿಲು ತಟ್ಟಿದಳು. ಟಿಂಗ್ ಎಂದಿತು ತಲೆಯ ಮೇಲೆ.

ಕಿಟಕಿಯ ಗಾಜಿಗೆ ಅಂಗೈ ಅಡ್ಡ ಹಿಡಿದು, ಬಣ್ಣದ ದೀಪಗಳ ಬೆಳಕಲ್ಲಿ ಒಳಗೆ ನೋಡಿದಳು.

ತಾತ ಆಕೆಯ ಕಡೆಗೇ ಮುಖ ಮಾಡಿ ಕೂತಿದ್ದರು. ಮುಖ ಒಣಗಿ, ಚರ್ಮ ಮೂಳೆಗೆ ಅಂಟಿತ್ತು. ಚಳಿಗಾಲದ ಒಣ ಹವೆಗೆ, ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಅವರು ಹಾಗೇ ಉಳಿದುಬಿಟ್ಟಿದ್ದರು. ಕಿವಿಯಿಂದ ಕುರ್ಚಿಯ ಬೆನ್ನಿಗೆ ಜೇಡ ಬಲೆ ಕಟ್ಟಿತ್ತು. ತೂಕದ ಹಗ್ಗದ ಒಂದು ಸುತ್ತು ಬಲಗೈಯ ಮಣಿಕಟ್ಟಿಗೆ ಸಿಕ್ಕಿಕೊಂಡಿತ್ತು. ಹಗ್ಗ ಸರಿಪಡಿಸುತ್ತಿದ್ದಾಗಲೇ ಜೀವ ಹೋಗಿರಬೇಕು. ಹೊರಗೆ ಲಿಫ್ಟ್ ಇಳಿದಂತೆ ಒಳಗೆ ಹಗ್ಗ ಮೇಲೇರಿತು, ಕೈಯೂ ಮೇಲೇರಿತು, ಬೆರಳುಗಳು ಗಾಜಿಗೆ ತಾಗಿ ಸಣ್ಣಗೆ ಟಕಟಕ ಎಂದವು.

ದೀಪದಕ್ಕ ಕಿರುಚಲಿಲ್ಲ. ಕಿರುಚಲು ಬಾಯಿ ತೆರೆದಿದ್ದಳು, ಅಷ್ಟರಲ್ಲಿ ಹಿಂದೆ ಮಕ್ಕಳು ನಿಂತಿರುವುದು ನೆನಪಾಯಿತು. ತಿರುಗಿ ನಿಂತು, ಬೆನ್ನನ್ನು ಗಾಜಿಗೆ ಒತ್ತಿ, ಸೆರಗನ್ನು ಎರಡು ಕೈಯಲ್ಲೂ ಅಗಲಕ್ಕೆ ಹಿಡಿದಳು.

"ತಾತಂಗೆ ಹುಷಾರಿಲ್ಲ," ಎಂದಳು. ತನ್ನ ದನಿ ಯಾರದೋ ದನಿಯಂತೆ ಕೇಳಿಸಿತು. "ಇವತ್ತಿಗೆ ಸಾಕು. ಎಲ್ರೂ ಮನೆಗೆ ಹೋಗಿ."

ಸೊಸೆಯ ಮುಖ ನೋಡಿದ್ದೇ ಅತ್ತೆಗೆ ಎಲ್ಲ ತಿಳಿಯಿತು. ಅವರು ಒಂದು ಪ್ರಶ್ನೆಯನ್ನೂ ಕೇಳದೆ ಜನರನ್ನು ಮನೆಗೆ ಕಳಿಸತೊಡಗಿದರು. "ನಡೀರಿ, ನಡೀರಿ, ಕತ್ತಲಲ್ಲಿ ಮಕ್ಕಳು ಎಡವ್ತಾರೆ." ಬೀದಿ ಖಾಲಿಯಾಗಿ, ಅತ್ತೆ ಫೋನು ಮಾಡಿ ಕರೆಸಿದ ಪೊಲೀಸರು ಬರುವವರೆಗೆ ದೀಪದಕ್ಕ ಅಲ್ಲಿಂದ ಕದಲಲಿಲ್ಲ. ಸ್ವಿಚ್ಚು ಒಳಗಿತ್ತು, ಬಾಗಿಲಿಗೆ ಚಿಲಕ ಬಿದ್ದಿತ್ತು, ಲಿಫ್ಟನ್ನು ನಿಲ್ಲಿಸಲು ದಾರಿಯೇ ಇರಲಿಲ್ಲ. ಅದು ಏರುತ್ತಿತ್ತು, ಇಳಿಯುತ್ತಿತ್ತು. ಇಳಿದಾಗಲೆಲ್ಲ ಆಕೆಯ ಬೆನ್ನಿನ ಹಿಂದೆ ಗಾಜಿನ ಮೇಲೆ ಬೆರಳು ತಟ್ಟುತ್ತಿತ್ತು, ಒಳಗೆ ಬರಬಹುದಾ ಎಂದು ಯಾರೋ ಮೆತ್ತಗೆ ಕೇಳಿದಂತೆ.

ಪುಸ್ತಿಕೆ ಅಚ್ಚಾಗುವ ಮೊದಲೇ ತಾತ ಹೋಗಿದ್ದರೆಂದು ಆಮೇಲೆ ತಿಳಿಯಿತು. ಹೃದಯ ನಿಂತಿತ್ತು, ನೋವು ಪಟ್ಟಿರಲಾರರು ಎಂದರು ಡಾಕ್ಟರು. ತಾತನ ಅಕ್ಕನ ಮಗ ಬಂದು ಎಲ್ಲ ಮುಗಿಸಿ ಮನೆಗೆ ಬೀಗ ಹಾಕಿಕೊಂಡು ಹೋದ. ಸುದ್ದಿ ಹಬ್ಬಿದ ಮೇಲೆ ಬೇರೆ ಥರದ ಜನ ಬರತೊಡಗಿದರು. ಪುಸ್ತಿಕೆ ಕೇಳಿ, ತಾತನ ಪುಟವನ್ನೇ ತಿರುವಿ, ಕಿಟಕಿ ಯಾವ ಬದಿಗೆ ಎಂದು ವಿಚಾರಿಸುವವರು. ದೀಪದಕ್ಕ ಉಳಿದ ಪ್ರತಿಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಎಸೆದು, ಕೆಲವು ದಿನ ಅಂಗಡಿಯನ್ನೇ ತೆರೆಯಲಿಲ್ಲ.

"ನಾನೇ ಬರೆದಿದ್ದೆ ಅತ್ತೆ, ಕೈ ಬೀಸಿ ಅಂತ. ಅಷ್ಟು ಜನ ಎದುರಿಗಿದ್ರು. ಒಬ್ಬರೂ ನೋಡಲಿಲ್ಲ."

"ನೋಡಿದ್ರು ಕಣೇ. ನೋಡೋಕೇ ಬಂದಿದ್ರು," ಎಂದರು ಅತ್ತೆ. ಮಡಿಸಿದ್ದ ಟವೆಲನ್ನೇ ಬಿಡಿಸಿ ಮತ್ತೆ ಮಡಿಸಿದರು.

ಅಂಗಡಿ ತೆರೆದ ಮೇಲೆ ಹೊಲಿಗೆಯವಳು ಮಗಳನ್ನು ಕರೆದುಕೊಂಡು ಬಂದಳು. ತಾತ ಊರಿಗೆ ಹೋಗಿದ್ದಾರೆಂದು ಮಗುವಿಗೆ ಹೇಳಿದ್ದರು. ತಾಯಿ ಯಾವುದೋ ಫೋನು ಬಂದು ಹೊರಗೆ ಹೋದಾಗ, ದೀಪದಕ್ಕ ತಡೆಯಲಾರದೆ ಕೇಳಿಬಿಟ್ಟಳು. "ತಾತ ನಿಂಗೆ ಬೇರೆ ಥರ ಕೈ ಬೀಸ್ತಿದ್ರಂತಲ್ಲ ಪುಟ್ಟಿ, ಹೇಗೆ?"

"ಲಿಫ್ಟ್ ಇಳಿದಾಗ ಒಂದು ಕೈ ಮೇಲೆ ಹೋಗ್ತಿತ್ತಲ್ಲ, ಅದಲ್ಲ ಆಂಟಿ," ಎಂದಿತು ಮಗು, ಅದೇನು ದೊಡ್ಡ ವಿಷಯ ಎನ್ನುವಂತೆ. "ಅದು ಸುಮ್ನೆ ಹೋಗ್ತಿತ್ತು. ಎಲ್ರೂ ಆ ಕಡೆ ತಿರುಗಿದ ಮೇಲೆ ಶಾಲಿನೊಳಗಿಂದ ಇನ್ನೊಂದು ಕೈ ತೆಗೀತಿದ್ರು."

ದೀಪದಕ್ಕ ಕನ್ನಡಿಯಲ್ಲಿ ಮಗುವಿನ ಕಣ್ಣು ನೋಡಿದಳು. ಅದು ಸುಳ್ಳು ಹೇಳುವ ಮುಖವಲ್ಲ. ಅಂದು ಗಾಜಿನಾಚೆ ತಾತನ ಎಡಗೈ ಶಾಲಿನೊಳಗೆ, ತೊಡೆಯ ಮೇಲೆ ಇದ್ದದ್ದು ಆಕೆಗೆ ಚೆನ್ನಾಗಿ ನೆನಪಿತ್ತು. ಶಾಲಿನ ಮಡಿಕೆಗಳಲ್ಲೆಲ್ಲ ದೂಳು ಕೂತಿತ್ತೇ, ಎಡಗೈಯ ಕಡೆಯೂ ಕೂತಿತ್ತೇ ಎಂದು ನೆನೆಸಿಕೊಳ್ಳಲು ನೋಡಿದಳು. ಆಗಲಿಲ್ಲ. ಕತ್ತರಿ ತಪ್ಪಿ ಮಗುವಿನ ಮುಂಗೂದಲು ಒಂದು ಬದಿಗೆ ಗಿಡ್ಡವಾಯಿತು. ಆ ಮಾತನ್ನು ಆಕೆ ಅತ್ತೆಗೂ ಹೇಳಲಿಲ್ಲ. ಗಂಡ ಬಂದಾಗ ಹೇಳಿದಳು. ಅವನು ಮಕ್ಕಳ ಕಲ್ಪನೆ ಎಂದು ಮಗ್ಗುಲು ಬದಲಿಸಿದ, ಆದರೆ ನಿದ್ದೆ ಮಾಡಲಿಲ್ಲ.

ಮರುವರ್ಷ ಪುಸ್ತಿಕೆಯ ಸುದ್ದಿಯೇ ಬೇಡ ಎಂದಿದ್ದಳು. ಅವಳನ್ನು ಮತ್ತೆ ಎಬ್ಬಿಸಿದ್ದು ಎದುರಂಗಡಿಯ ಕಟಿಂಗಿನವನು. ಒಂದು ದಿನ ರಸ್ತೆ ದಾಟಿ ಬಂದು ಬೆಂಚಿನ ತುದಿಯಲ್ಲಿ ಕೂತ. "ಅಕ್ಕ, ನಮ್ಮಲ್ಲಿಗೆ ಬಂದೋರೆಲ್ಲ ಈ ಸಲದ ಪುಸ್ತಕ ಎಲ್ಲಿ ಅಂತಾರೆ. ನಾನೇನು ಹೇಳ್ಲಿ? ಬೇಕಾದ್ರೆ ಕೆರೆ ಕಡೆಯ ಮನೆಗಳನ್ನ ನಾನು ನೋಡಿಕೊಳ್ತೀನಿ." ಆತನ ಮೇಲೆ ಒಂದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಕಿಚ್ಚು ನೆನಪಾಗಿ ಆಕೆಗೆ ನಾಚಿಕೆಯಾಯಿತು. ಅತ್ತೆಗೆ ಕಣ್ಸನ್ನೆ ಮಾಡಿ ಟೀ ತರಿಸಿದಳು.

ಈಗ ಇಬ್ಬರೂ ಸೇರಿ ಪುಸ್ತಿಕೆ ಮಾಡುತ್ತಾರೆ. ಬಾಗಿಲು ತೆರೆದು ಮನೆಯವರು ಮಾತಾಡದ ಹೊರತು ಯಾವ ಮನೆಯೂ ಅದರೊಳಗೆ ಬರುವುದಿಲ್ಲ. ರಜೆಯ ನಡುವೆ ದೀಪದಕ್ಕ ಇನ್ನೊಂದು ಸುತ್ತು ಹೋಗುತ್ತಾಳೆ, ಸುಮ್ಮನೆ. ಒಂಟಿ ಮನೆಗಳಿಗೆ ಮೊದಲು. ಕೆಲವರಿಗೆ ಅದು ಕಿರಿಕಿರಿ. ಹೋದ ಸಲ ಮೇಲಿನ ಬೀದಿಯ ನಿವೃತ್ತ ಮೇಷ್ಟ್ರು ಬಾಗಿಲು ತೆರೆಯಲು ಬಹಳ ಹೊತ್ತು ಮಾಡಿದರು. ಆಕೆ ಮೆಟ್ಟಿಲ ಮೇಲೆ ಪುಸ್ತಿಕೆಗಳ ಚೀಲ ಹಿಡಿದು ನಿಂತೇ ಇದ್ದಳು. ಕೊನೆಗೆ ಒಳಗೆಲ್ಲೋ ಚಪ್ಪಲಿ ಎಳೆದ ಸದ್ದು ಕೇಳಿಸಿತು, ಚಿಲಕ ಸರಿಯಿತು.

"ಮೊನ್ನೆ ತಾನೇ ಬಂದು ಹೋದ್ರಲ್ಲ. ಮತ್ತೇನಮ್ಮ?" ಎಂದರು ಮೇಷ್ಟ್ರು, ಮುಖದ ತುಂಬ ಶೇವಿಂಗ್ ಸೋಪಿನ ನೊರೆ ಹಚ್ಚಿಕೊಂಡು.

"ಏನಿಲ್ಲ ಸಾರ್," ಎಂದಳು ಆಕೆ. "ನೀವು ಮುಖ ತೊಳ್ಕೊಳ್ಳಿ. ನಾನು ಬರ್ತೀನಿ."