ಬೆರಣಿ ತಟ್ಟಿದ ಗೋಡೆ

ಉತ್ತರಹಳ್ಳಿಯ ಹೊಲಗಳು ಸೈಟುಗಳಾದಾಗ ನಮ್ಮ ಮಾವ ಸಿಮೆಂಟಿನ ಮನೆ ಕಟ್ಟಿಸಿದರು. ಹೊಸ ಮನೆಗೆ ಬಂದ ವಾರದಲ್ಲೇ ಅತ್ತೆ ಬಿಸಿಲು ಬೀಳುವ ಗೋಡೆ ನೋಡಿ ಸಾಲಾಗಿ ಬೆರಣಿ ತಟ್ಟಿಬಿಟ್ಟರಂತೆ. ಹಸು ಇತ್ತು, ಒಲೆ ಇತ್ತು, ಗೋಡೆಯೂ ಸಿಕ್ಕಿತು, ಇನ್ನೇನು ಬೇಕು! ನಾನು ಸೊಸೆಯಾಗಿ ಬರುವ ಹೊತ್ತಿಗೆ ಹಸು ಇರಲಿಲ್ಲ, ಕಪ್ಪು ಕಲೆಗಳಿದ್ದವು. ಮೇಲೆ ಪಾಚಿ ಬೇರೆ. ಮರ್ಯಾದೆ ಹೋಯಿತು ಎಂದು ನಾನು ಗೊಣಗದ ದಿನವಿಲ್ಲ. ಅತ್ತೆ ಎದುರಾಡುತ್ತಿರಲಿಲ್ಲ. ನಾನಿಲ್ಲದಾಗ ತೆಂಗಿನ ನಾರಿನಿಂದ ಉಜ್ಜುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿತ್ತು. ನಾದಿನಿಯನ್ನು ನೋಡಲು ಜಯನಗರದಿಂದ ಗಂಡಿನ ಕಡೆಯವರು ಭಾನುವಾರ ಬರುವುದೆಂದಾಯಿತು. ಅತ್ತೆಗೆ ಊಟ ಸೇರಲಿಲ್ಲ.

“ಆ ಗೋಡೆ ನೋಡಿ ವಾಪಸ್ ಹೋಗ್ಬಿಟ್ರೆ? ನನ್ನಿಂದ ಮಗಳಿಗೆ ಹಿಂಗಾಗ್ಬಾರ್ದು” ಎಂದರು.

ನನ್ನ ಗಂಡ ವಾಹನ ತೊಳೆಯುವ ವಾಟರ್ ಸರ್ವೀಸ್ ನಡೆಸುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಅಲ್ಲಿನ ಪ್ರೆಷರ್ ಮಷೀನನ್ನೇ ಮನೆಗೆ ತಂದರು. ಕಿಟಕಿ ಮುಚ್ಚಿಸಿದರು, ಹೊರಗಿನ ದೀಪದ ಫ್ಯೂಸ್ ಕಿತ್ತರು, ಮೀಟರ್ ಬೋರ್ಡಿಗೆ ಪ್ಲಾಸ್ಟಿಕ್ ಸುತ್ತಿದರು. ಹಿತ್ತಲ ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ನೀರು ಅಗಲವಾಗಿ ಹರಡುವ ಮೂತಿ ಹಾಕಿ, ಒಂದು ಮಾರು ದೂರ ನಿಂತು ಮೇಲಿನಿಂದ ಕೆಳಕ್ಕೆ ಶುರು ಮಾಡಿದರು. ನನಗೋ ಆತುರ.

“ಹತ್ರ ಹಿಡೀರಿ, ಬೇಗ ಹೋಗುತ್ತೆ!”

“ಹತ್ರ ಹಿಡಿದ್ರೆ ಗಾರೇನೇ ಕಿತ್ಕೊಂಡು ಬರುತ್ತೆ. ಸುಮ್ನಿರು.”

ಬಾಯಿ ಮುಚ್ಚಿದೆ. ಆಮೇಲೆ ಅದು ತಾನಾಗಿಯೇ ತೆರೆದುಕೊಂಡಿತು. ನೀರು ಹಾದಲ್ಲೆಲ್ಲ ಕಪ್ಪು ಕಳಚಿ ಸಿಮೆಂಟಿನ ಬೂದು ಬಣ್ಣ ಕಾಣುತ್ತಿತ್ತು. ಬರೀ ನೀರು! ವರ್ಷಗಟ್ಟಲೆ ನಾರಿಗೆ ಜಗ್ಗದ್ದು ಹಸಿರಾಗಿ, ಕಂದಾಗಿ ಮೋರಿ ಸೇರುತ್ತಿತ್ತು. ಇಂಥದ್ದನ್ನು ನಾನು ಕಂಡೇ ಇರಲಿಲ್ಲ.

ಗೋಡೆ ಆರಿದ ಮೇಲೆ ಓರೆ ಬಿಸಿಲು ಬಿತ್ತು. ಆಗ ನೋಡಿದರೆ, ಕಲೆ ಇದ್ದ ಕಡೆಯೆಲ್ಲ ತಗ್ಗುಗಳು. ಪ್ರತಿ ತಗ್ಗಿನಲ್ಲೂ ಐದು ಬೆರಳು. ಸಾಲು ಸಾಲು.

“ಆ ಗೋಡೆಗೆ ಅವತ್ತೇ ಗಾರೆ ಮೆತ್ತಿದ್ರು ಕಣೆ, ಇನ್ನೂ ಹಸಿ ಇತ್ತು, ನಂಗೆ ತಿಳೀಲಿಲ್ಲ” ಎಂದರು ಅತ್ತೆ, ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ. “ಸಿಮೆಂಟ್ ಮೆತ್ತಿಸಿಬಿಡು, ಭಾನುವಾರದೊಳಗೆ.”

ಅವರ ಕೈ ಹಿಡಿದು ಒಂದು ಅಚ್ಚಿನ ಮೇಲಿಟ್ಟೆ. ಬೆರಳುಗಳು ಸೊಟ್ಟಗಾಗಿದ್ದವು, ಒಳಗೆ ಕೂರಲಿಲ್ಲ. ಇಷ್ಟು ವರ್ಷ ನಾನಾಡಿದ ಮಾತು ನೆನೆದು ನಾಚಿಕೆಯಾಯಿತು.

ಸಿಮೆಂಟ್ ಮೆತ್ತಿಸಲಿಲ್ಲ. ಭಾನುವಾರ ಬಂದವರಿಗೆ ಕಾಫಿ ಕೊಡುವ ಮೊದಲೇ ಅವರನ್ನು ಆ ಗೋಡೆಯ ಹತ್ತಿರ ಕರೆದುಕೊಂಡು ಹೋದೆ. ಅತ್ತೆ ಬಾಗಿಲ ಹಿಂದೆ ನಿಂತಿದ್ದರು. ಗಂಡಿನ ತಾಯಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

“ಯಾರ್ದಮ್ಮ ಈ ಕೈ?”

“ನಮ್ಮತ್ತೇದು” ಎಂದೆ.

ಆಕೆ ತಮ್ಮ ಬಳೆ ಹಿಂದಕ್ಕೆ ಸರಿಸಿ ಆ ಅಚ್ಚಿನಲ್ಲಿ ಕೈ ಇಟ್ಟರು.