ಗೆಣ್ಣಿನ ಮೇಲಿನ ಹಲ್ಲಿನ ಸಾಲು

ಸತ್ತವರು ಬಂದು ಸೇಡು ತೀರಿಸಿಕೊಳ್ಳುತ್ತಾರೆ ಎಂಬ ಮಾತನ್ನು ನಾನು ನಕ್ಕು ತಳ್ಳಿಹಾಕುತ್ತಿದ್ದೆ. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆ ಅಂತಲೂ ಅಲ್ಲ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ತೊಂಬತ್ತರ ದಶಕದ ಕೊನೆಯಲ್ಲಿ ಸವದತ್ತಿ ಕಡೆಯ ಒಂದು ಆಸ್ಪತ್ರೆಯಲ್ಲಿ ನಾನು ಡಾಕ್ಟರಾಗಿದ್ದೆ. ಪೆಟ್ಟು ಮಾಡಿಕೊಂಡು ಬಂದವರೆಲ್ಲ ನನ್ನ ಪಾಲಿಗೆ. ಸ್ವಚ್ಛವಾದ ಸಣ್ಣ ಗಾಯವಾದರೆ ತೊಳೆದು ಪಟ್ಟಿ ಕಟ್ಟಿದರೆ ಸಾಕು. ಕೈಗೆ ಕಚ್ಚಿದ ಗಾಯಕ್ಕೆ ಮಾತ್ರ ಆ್ಯಂಟಿಬಯೋಟಿಕ್ ಬೇಕೇ ಬೇಕು. ನಮ್ಮ ಜನ ಎಲ್ಲದಕ್ಕೂ ಕ್ಯಾಪ್ಸೂಲ್ ಕೇಳುತ್ತಿದ್ದರು. ಕೊಟ್ಟರೆ ನುಂಗುತ್ತಿರಲಿಲ್ಲ, ಒಡೆದು ಪುಡಿಯನ್ನು ಗಾಯದ ಮೇಲೆ ಉದುರಿಸಿಕೊಳ್ಳುತ್ತಿದ್ದರು. ಅದಕ್ಕೇ ಚೀಟಿ ಕೊಡುವಾಗ ಒಬ್ಬೊಬ್ಬರಿಗೂ ಹೇಳುತ್ತಿದ್ದೆ: "ನುಂಗಬೇಕ್ರಿ, ಉದುರಿಸಬ್ಯಾಡ್ರಿ."

ಆ ಮಾತಿಗೆ ಕಾರಣ ನನ್ನ ಅಕ್ಕ. ಅವಳ ಗಂಡ ಹೊಡೆದು ಮುಂದಿನ ಹಲ್ಲೊಂದನ್ನು ಮುರಿದಿದ್ದ, ತಲೆ ಒಡೆದಿದ್ದ. ಊರಿಗೆ ಗೊತ್ತಾದೀತೆಂದು ಆಸ್ಪತ್ರೆಗೆ ತರದೆ, ಕ್ಯಾಪ್ಸೂಲಿನ ಪುಡಿ ಉದುರಿಸಿ ಮನೆಯಲ್ಲೇ ಮಲಗಿಸಿದ. ನನಗೆ ಸುದ್ದಿ ಬರುವಷ್ಟರಲ್ಲಿ ಗಾಯ ಕೀವಾಗಿ ಮೈಯೆಲ್ಲ ನಂಜೇರಿತ್ತು. ಅಕ್ಕ ಉಳಿಯಲಿಲ್ಲ. ಅವನಿಗೆ ಏನೂ ಆಗಲಿಲ್ಲ. ಅವನ ಮನೆ ಹಾಳಾಗಲಿ ಎಂದು ದಿನಾ ಶಪಿಸಿದ್ದೇನೆ, ಮುಚ್ಚಿಡುವುದೇನು?

ಮೂರು ವರ್ಷದ ಮೇಲೆ ಒಂದು ಮಧ್ಯಾಹ್ನ ಅವನೇ ಬಂದ. ಬಲಗೈಗೆ ಸುತ್ತಿದ ಟವೆಲ್ಲು ರಕ್ತವಾಗಿತ್ತು. ಡ್ಯೂಟಿಯಲ್ಲಿ ನಾನೊಬ್ಬನೇ. ಸಂಬಂಧ ಹಿಡಿದು ಕರೆಯಲು ಅವನಿಗೂ ಬಾಯಿ ಬರಲಿಲ್ಲ.

"ಊಟಾ ಮಾಡಿ ಒಬ್ಬಾವ್ನ ಮಲಗಿದ್ದೆ ಡಾಕ್ಟ್ರ. ಒಳಗ ಚಿಲಕಾ ಹಾಕಿದ್ದೆ. ಉರಿ ಹತ್ತಿ ಎದ್ದು ನೋಡಿದ್ರ ಹಿಂಗ ಆಗೇತಿ. ಇಲಿ ಕಡದಿರಬೇಕು."

ಟವೆಲ್ಲು ಬಿಚ್ಚಿದೆ. ಇಲಿಯಲ್ಲ. ಬೆರಳ ಗೆಣ್ಣುಗಳ ಮೇಲೆ ಮನುಷ್ಯರ ಹಲ್ಲಿನ ಸಾಲು ಆಳವಾಗಿ ಮೂಡಿತ್ತು. ಸಾಲಿನ ನಡುವೆ ಒಂದು ಹಲ್ಲಿನ ಜಾಗ ಖಾಲಿ. ಅಕ್ಕನಿಗೆ ಮುರಿದಿದ್ದೂ ಅದೇ ಹಲ್ಲು. ನಿದ್ದೆಯಲ್ಲಿ ತಾನೇ ಕಚ್ಚಿಕೊಂಡನೇನೋ ಎಂದು ಅವನ ಬಾಯಿ ತೆರೆಸಿ ನೋಡಿದೆ. ಅವನ ಹಲ್ಲುಗಳೆಲ್ಲ ನೆಟ್ಟಗಿದ್ದವು.

ಗಾಯ ತೊಳೆದೆ, ಇಂಜೆಕ್ಷನ್ ಕೊಟ್ಟೆ. ಆ್ಯಂಟಿಬಯೋಟಿಕ್ ಬೇಕೋ ಬೇಡವೋ ಎಂದು ಯೋಚಿಸುವ ಗಾಯವೇ ಅಲ್ಲ ಅದು. ಚೀಟಿಯಲ್ಲಿ ಸರಿಯಾಗಿಯೇ ಬರೆದೆ. ಆದರೆ ಎಲ್ಲರಿಗೂ ಹೇಳುತ್ತಿದ್ದ ಆ ಮಾತನ್ನು ಅವನಿಗೆ ಹೇಳಲಿಲ್ಲ. ಮರೆತದ್ದಲ್ಲ. ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಐದನೆಯ ದಿನ ಮತ್ತೆ ಬಂದ. ಕೈ ಮೊಣಕೈವರೆಗೆ ಬಾತು ವಾಸನೆ ಹೊಡೆಯುತ್ತಿತ್ತು.

"ಗುಳಿಗಿ ನುಂಗೀರೇನು?" ಎಂದು ಕೇಳಿದೆ.

"ನುಂಗೂದ್ಯಾಕ? ಯಾವಾಗಿನಂಗ ಒಡದು ಉದುರಿಸೇನಿ."

ಬೆಳಗಾವಿಗೆ ಕಳಿಸಿದೆ. ಅಲ್ಲಿ ಮೂರು ಬೆರಳು ತೆಗೆದರು. ಸುದ್ದಿ ಕೇಳಿದ ದಿನ ನಾನು ಹೊಟ್ಟೆ ತುಂಬ ಊಟ ಮಾಡಿದೆ.

ಚಿಲಕ ಹಾಕಿದ ಮನೆಯೊಳಗೆ ಅವನನ್ನು ಕಚ್ಚಿದವರು ಯಾರೆಂದು ನನಗೆ ಇಂದಿಗೂ ತಿಳಿದಿಲ್ಲ. ಅವ್ವ ಮಾತ್ರ ಅಕ್ಕನ ಫೋಟೋಕ್ಕೆ ಕೈ ಮುಗಿದು, "ನನ್ನ ಮಗಳು ಸುಮ್ನ ಬಿಡಲಿಲ್ಲ ನೋಡಪಾ, ಅವನ ಕೈನ ತಗೊಂಡ್ಳು" ಎನ್ನುತ್ತಾಳೆ. ನಾನು ಹೇಳದೆ ಬಿಟ್ಟ ಮಾತಿನ ವಿಷಯ ಅವಳಿಗೂ ಹೇಳಿಲ್ಲ.